ಎರೆನಾಡಿನ ರಸ್ತೆಗೆ ವೇಗದ ಕಾರು: ಹೊಟ್ಟೆಗೆ ಎಂಥ ಗಾರ್ಡ್ ಬೇಕು?

ರಾಯಚೂರು ಸೀಮೆಯಲ್ಲಿ ಕಾರಿನ ಹೊಟ್ಟೆಗೆ ಏಟು ಬೀಳಲು ಬಂಡೆಗಲ್ಲೇ ಬೇಕಿಲ್ಲ. ಮಾನ್ವಿ ಸುತ್ತಲಿನ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಡಾಂಬರೂ ಅದರ ಜೊತೆಗೇ ಏಳುತ್ತದೆ, ಕುಸಿಯುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಕಂಡ ಊರು, ಕ್ಯಾಂಪುಗಳಲ್ಲಿ ಭತ್ತದ ಕೊಯ್ಲು ಶುರುವಾದರೆ ಲೋಡು ಹೊತ್ತ ಟ್ರ್ಯಾಕ್ಟರುಗಳು ಗರಸಿನ ರಸ್ತೆಯಲ್ಲಿ ಆಳವಾದ ಜಾಡು ಕೊರೆಯುತ್ತವೆ. ಕಾರಿನ ಗಾಲಿ ಆ ಜಾಡಿಗಿಳಿದರೆ ನಡುವಿನ ದಿಣ್ಣೆ ನೇರವಾಗಿ ಇಂಜಿನ್ ತಳವನ್ನು ಉಜ್ಜುತ್ತದೆ.

ಇಂಥ ರಸ್ತೆಯಲ್ಲೂ ವೇಗದ ಚಿಕ್ಕ ಕಾರಿನ ಆಸೆ ತಪ್ಪಲ್ಲ. 2013ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2021ರ ಹುಂಡೈ ಐ20 ಎನ್ ಲೈನ್, 2024ರ ಟಾಟಾ ಆಲ್ಟ್ರೋಜ್ ರೇಸರ್ ಮೂರೂ ಟರ್ಬೊ ಇಂಜಿನ್ ಹೊತ್ತ ಹ್ಯಾಚ್‌ಬ್ಯಾಕ್‌ಗಳು. ಪೋಲೊ ಭಾರತದಲ್ಲಿ 2022ಕ್ಕೆ ನಿಂತಿತು; ಈಗ ಸಿಗುವುದು ಸೆಕೆಂಡ್ ಹ್ಯಾಂಡ್ ಮಾತ್ರ. ಅಂಥ ಕಾರು ಕೊಳ್ಳುವವರು ಪೇಂಟ್, ಮೀಟರ್ ನೋಡುವ ಮೊದಲು ಬಗ್ಗಿ ತಳ ನೋಡಬೇಕು. ಹಳೆಯ ಏಟುಗಳ ಲೆಕ್ಕ ಅಲ್ಲಿರುತ್ತದೆ.

ಕೆಳಗೇನಿದೆ?

ಇಂಜಿನ್ನಿನ ತೀರ ಕೆಳಗಿರುವುದು ಆಯಿಲ್ ಚೇಂಬರ್. ಅದು ಉಕ್ಕಿನದಾಗಿದ್ದರೆ ಏಟಿಗೆ ತಗ್ಗು ಬೀಳುತ್ತದೆ, ಎರಕದ ಅಲ್ಯೂಮಿನಿಯಂ ಆದರೆ ಬಿರುಕು ಬಿಡುತ್ತದೆ. ಬರೀ ತಗ್ಗು ಬಿದ್ದಿದೆ, ಸೋರುತ್ತಿಲ್ಲ ಎಂದು ಸುಮ್ಮನಾಗುವಂತಿಲ್ಲ. ಆಯಿಲ್ ಎಳೆಯುವ ಕೊಳವೆಯ ಬಾಯಿ ಚೇಂಬರಿನ ತಳಕ್ಕೆ ತೀರ ಹತ್ತಿರವಿರುತ್ತದೆ; ತಳ ಒಳಗೆ ತಳ್ಳಿಕೊಂಡರೆ ಆ ಬಾಯಿ ಮುಚ್ಚಿ ಆಯಿಲ್ ಮೇಲೇರುವುದು ಕಡಿಮೆಯಾಗುತ್ತದೆ. ಆಗ ಬೇಗ ಕೆಡುವ ಭಾಗಗಳಲ್ಲಿ ಟರ್ಬೊ ಒಂದು. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಅದರ ದಂಡಕ್ಕೆ ಆಯಿಲ್ ಪದರವೇ ಆಸರೆ. ವೇಗದ ಕಾರಿಗೆ ಇಂಜಿನ್ ತಳ ಕಾಯುವ ತಗಡು, ಅಂದರೆ ಗಾರ್ಡ್, ಹೆಚ್ಚು ಅಗತ್ಯ ಎನ್ನುವುದು ಇದೇ ಕಾರಣಕ್ಕೆ.

ತಗಡಿನ ಲೆಕ್ಕ

ಅರ್ಧ ಚದರ ಮೀಟರ್ ವಿಸ್ತೀರ್ಣದ, 2 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಸುಮಾರು 8 ಕಿಲೊ ತೂಗುತ್ತದೆ. ಅಷ್ಟೇ ವಿಸ್ತೀರ್ಣದ 4 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಸುಮಾರು ಐದೂವರೆ ಕಿಲೊ ಇರುತ್ತದೆ. ಉಕ್ಕು ಅಗ್ಗ, ಬಾಗಿದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಸರಿಮಾಡಿಸಬಹುದು, ಆದರೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ಬೆಲೆ ಮಾತ್ರ ಜಾಸ್ತಿ. ಕಂಪನಿಯಿಂದಲೇ ಬರುವ ಪ್ಲಾಸ್ಟಿಕ್ ಹೊದಿಕೆ ಕೆಸರು, ಸಣ್ಣ ಕಲ್ಲಿಗೆ ಸಾಕು. ದೊಡ್ಡ ಏಟು ತಡೆಯುವ ಶಕ್ತಿ ಅದಕ್ಕಿಲ್ಲ. ಅಂಡರ್‌ಬಾಡಿ ಕೋಟಿಂಗ್ ಕೂಡ ತುಕ್ಕಿಗೆ ಮದ್ದೇ ಹೊರತು ಏಟಿಗಲ್ಲ.

ದಪ್ಪಕ್ಕಿಂತ ಮುಖ್ಯ, ಗಾರ್ಡನ್ನು ಎಲ್ಲಿಗೆ ಬಿಗಿದಿದ್ದಾರೆ ಎಂಬುದು. ಸಬ್‌ಫ್ರೇಮಿನ ಗಟ್ಟಿ ಬೋಲ್ಟುಗಳಿಗೆ ಕೂರಿಸಿದರೆ ಏಟಿನ ಭಾರವನ್ನು ಕಾರಿನ ಗಟ್ಟಿ ಭಾಗವೇ ಹೊರುತ್ತದೆ. ಬಂಪರ್, ರೇಡಿಯೇಟರ್ ಆಧಾರಗಳಿಗೆ ಕಟ್ಟಿದ ತಗಡು ಏಟನ್ನು ಅವುಗಳಿಗೇ ದಾಟಿಸುತ್ತದೆ. ಚೇಂಬರಿಗೂ ತಗಡಿಗೂ ನಡುವೆ ಬೆರಳು ಆಡುವಷ್ಟು ಜಾಗ ಬೇಕು. ಅಂಟಿಕೊಂಡರೆ ತಗಡಿಗೆ ಬಿದ್ದ ಪೆಟ್ಟು ಚೇಂಬರಿಗೇ ಹೋಗುತ್ತದೆ. ಗಾರ್ಡ್ ನೆಲದ ಅಂತರವನ್ನು ಹೆಚ್ಚಿಸುವುದಿಲ್ಲ, ತುಸು ಕಡಿಮೆಯೇ ಮಾಡುತ್ತದೆ. ಹಾಕಿಸಿಕೊಂಡ ಧೈರ್ಯಕ್ಕೆ ವೇಗ ಹೆಚ್ಚಿಸಿದರೆ ಅದರ ಉಪಯೋಗವೇ ಹೋಯಿತು.

ಮಣ್ಣು, ಹುಲ್ಲು, ಬಿಸಿಲು

ಬೇರೆ ಊರಿನ ರಸ್ತೆಗೆ ಮಾಡಿದ ಗಾರ್ಡ್ ನಮ್ಮಲ್ಲಿ ಸೋಲುವುದು ಇಲ್ಲಿಯೇ. ಎರೆ ಕೆಸರು ತಗಡಿನ ಮೇಲೆ ಕೂತು ಒಣಗಿದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಗಾಳಿ ಹೋಗುವ ದಾರಿ ಮುಚ್ಚುತ್ತದೆ, ತೇವ ಹಿಡಿದಿಡುತ್ತದೆ. ನೀರಾವರಿಯಿಂದ ಸವಳಾದ ಹೊಲದ ಮಣ್ಣಾದರೆ ಅದರಲ್ಲಿ ಉಪ್ಪೂ ಇರುತ್ತದೆ, ತುಕ್ಕು ಬೇಗ ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಬಿಸಿಲಿಗೆ ಟರ್ಬೊ ಇಂಜಿನ್ನಿನ ಕಾವೂ ಸೇರಿದಾಗ, ತೂತೇ ಇಲ್ಲದ ಸಪಾಟು ತಗಡು ಬಿಸಿಗಾಳಿಯನ್ನು ಒಳಗೇ ಹಿಡಿದಿಡುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಹುಲ್ಲಿನದು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಭತ್ತದ ಹುಲ್ಲು, ಒಕ್ಕಣೆಯ ಸೊಪ್ಪೆ ಗಾರ್ಡಿಗೂ ಸೈಲೆನ್ಸರ್ ಕೊಳವೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಆ ಕೊಳವೆಯ ಸಾಲಿನಲ್ಲೇ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾಯುವ ಭಾಗ. ಒಣಹುಲ್ಲು ಅದಕ್ಕೆ ತಾಗಿದರೆ ಬೆಂಕಿ ಹತ್ತಬಹುದು. ಹುಲ್ಲು ತುಳಿದು ಬಂದ ಕಾರನ್ನು ನಿಲ್ಲಿಸಿ ಕೆಳಗೆ ನೋಡುವುದು, ಸುಟ್ಟ ವಾಸನೆ ಬಂದರೆ ಆ ಕ್ಷಣವೇ ಇಂಜಿನ್ ಆರಿಸಿ ಎಲ್ಲರೂ ಇಳಿಯುವುದು ಈ ಸೀಮೆಯ ಚಾಲಕರಿಗೆ ರೂಢಿಯಾಗಬೇಕು.

ಆದ್ದರಿಂದ ನಮ್ಮ ರಸ್ತೆಗೆ ಬೇಕಾದದ್ದು ಎಲ್ಲಕ್ಕಿಂತ ದಪ್ಪನೆಯ ಗಾರ್ಡ್ ಅಲ್ಲ, ಸುಲಭವಾಗಿ ಬಿಚ್ಚಿ ತೊಳೆಯಬಲ್ಲ ಗಾರ್ಡ್. ಗಾಳಿಗೆ, ನೀರು ಇಳಿಯಲು ತೂತುಗಳಿರಲಿ. ಆಯಿಲ್ ಬದಲಿಸಲು ಬೇರೆ ಕಿಂಡಿ ಇರಲಿ. ಸೋರಿದ ಆಯಿಲ್ ನೆಲಕ್ಕೆ ಬೀಳದೆ ತಗಡಿನ ಮೇಲೆಯೇ ನಿಲ್ಲಬಹುದಾದ್ದರಿಂದ ಪ್ರತಿ ಸರ್ವಿಸಿಗೂ ಗಾರ್ಡ್ ಬಿಚ್ಚಿಸಿ ನೋಡಲೇಬೇಕು. ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ತೊಳೆಸಿದರೆ ಒಳ್ಳೆಯದು.

ಏಟು ಬಿದ್ದರೆ

ತಳಕ್ಕೆ ಜೋರಾಗಿ ತಾಗಿ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ಲಿನ ಕೆಂಪು ದೀಪ ಹೊತ್ತಿದರೆ ಮುಂದಿನ ಊರಿನವರೆಗೂ ಓಡಿಸುವ ಮಾತೇ ಬೇಡ. ಅಲ್ಲೇ ಆಫ್ ಮಾಡಿ, ಎಳೆಸಿಕೊಂಡು ಹೋಗಿ. ವಿಮೆಯ ನಿಯಮವೂ ಇದನ್ನೇ ಬಯಸುತ್ತದೆ: ಚೇಂಬರ್ ಒಡೆದದ್ದು ಅಪಘಾತದ ಹಾನಿ, ಒಡೆದ ಮೇಲೂ ಓಡಿಸಿ ಇಂಜಿನ್ ಹಿಡಿದುಕೊಂಡರೆ ಸಾಮಾನ್ಯ ಪಾಲಿಸಿ ಆ ಖರ್ಚು ಭರಿಸುವುದಿಲ್ಲ. ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಪಾಲಿಸಿ ನವೀಕರಿಸುವಾಗ ಕೇಳಿ ಪಡೆಯುವುದು ಜಾಣತನ. ಗಾರ್ಡ್ ಹಾಕಿಸುವುದನ್ನು ವಿಮಾ ಕಂಪನಿಗೂ ಸರ್ವಿಸ್ ಸೆಂಟರಿಗೂ ಮೊದಲೇ ತಿಳಿಸಿದರೆ ಮುಂದೆ ತಕರಾರಿನ ಸಾಧ್ಯತೆ ಕಡಿಮೆ.

ರಸ್ತೆಯ ಪಾಲೂ ಇದೆ

ಕೊನೆಗೊಂದು ಲೆಕ್ಕ, ಹಂಪಿನದು; ಹೊಟ್ಟೆಗೆ ಏಟು ಕೊಡುವುದರಲ್ಲಿ ಅದರ ಪಾಲೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿದ ಮಾದರಿ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ್ದು. ಅದನ್ನು ಗಂಟೆಗೆ 25 ಕಿಲೊಮೀಟರ್ ವೇಗದಲ್ಲಿ ದಾಟಬಹುದು. ಹ್ಯಾಚ್‌ಬ್ಯಾಕಿನ ಮುಂದಿನ, ಹಿಂದಿನ ಗಾಲಿಗಳ ನಡುವೆ ಇರುವುದು ಸುಮಾರು ಎರಡೂವರೆ ಮೀಟರ್. ಹಾಗಾಗಿ ಇಡೀ ಕಾರು ಆ ಹಂಪಿನ ಮೇಲೇ ಏರುತ್ತದೆ, ಗಾಲಿಗಳ ನಡುವೆ ಉಬ್ಬುವುದು 5 ಸೆಂಟಿಮೀಟರಿಗಿಂತ ಕಡಿಮೆ. ಆಲ್ಟ್ರೋಜ್‌ನ ತಳ ನೆಲದಿಂದ 16.5 ಸೆಂಟಿಮೀಟರ್ ಮೇಲಿದೆ. ತುಂಬಿದ ಕಾರಾದರೂ ತಾಗುವ ಪ್ರಶ್ನೆಯಿಲ್ಲ. ಆದರೆ ಆ 10 ಸೆಂಟಿಮೀಟರ್ ಎತ್ತರವನ್ನು ಮೀರಿಸಿ, ಒಂದು ಅಡಿ ಅಗಲದಲ್ಲಿ ಗುಡ್ಡೆ ಹಾಕಿದ ಹಂಪ್ ಇಂಥ ಕಾರಿನ ಹೊಟ್ಟೆಗೆ ತಾಗಬಹುದು.

ವೇಗ ತಗ್ಗಿಸಲು ಊರಿನವರು ಹಂಪ್ ಕೇಳುವುದು ನ್ಯಾಯ; ಮಕ್ಕಳು ಓಡಾಡುವ ಜಾಗವದು. ಆದರೆ ಅಳತೆ ತಪ್ಪಿದ ಹಂಪಿನಿಂದ ಕಾರಿನವರಿಗಿಂತ ಹೆಚ್ಚು ನೋಯುವವರು ಆಟೊದಲ್ಲಿ ಆಸ್ಪತ್ರೆಗೆ ಹೊರಟ ಬಸುರಿ, ಆಂಬುಲೆನ್ಸಿನಲ್ಲಿ ಮಲಗಿದ ರೋಗಿ. ಅವರಿಗೆ ಯಾವ ಗಾರ್ಡೂ ಇಲ್ಲ. ಕಾರಿಗೆ ಸಾವಿರಾರು ರೂಪಾಯಿ ಸುರಿದು ತಗಡು ಹಾಕಿಸುವವರು ಊರ ಹಂಪಿನ ಅಗಲ, ಎತ್ತರ ಅಳೆದು ಲೋಕೋಪಯೋಗಿ ಇಲಾಖೆಗೋ ಪಂಚಾಯಿತಿಗೋ ಒಂದು ಅರ್ಜಿ ಕೊಡಲಿ. ಗಾರ್ಡ್ ಒಂದು ಕಾರನ್ನು ಕಾಯುತ್ತದೆ, ಸರಿಯಾದ ಹಂಪ್ ಆ ದಾರಿಯಲ್ಲಿ ಹೋಗುವ ಎಲ್ಲರನ್ನೂ ಕಾಯುತ್ತದೆ.