ಗುಜರಿಗೆ ಹೊರಟಿದ್ದ ಜಾವಾಕ್ಕೆ ಈಗ ಲಕ್ಷದ ಮಾತು!

ಮೈಸೂರಿನಲ್ಲಿ ಹಳೆ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಈಚೆಗೆ ಒಂದು ಹೊಸ ಕಾಟ. ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಕಾರಿನ ಗಾಜು ಇಳಿಯುತ್ತದೆ. "ಸಾರ್, ಗಾಡಿ ಕೊಡ್ತೀರಾ?" ಪೆಟ್ರೋಲ್ ಬಂಕಿಗೆ ಹೋದರೆ ಅಲ್ಲೂ ಅದೇ ಪ್ರಶ್ನೆ. ದೇವರಾಜ ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಿ ಎರಡು ಕಟ್ಟು ಸೊಪ್ಪು ತರುವಷ್ಟರಲ್ಲಿ ಸೀಟಿನ ಸಂದಿಯಲ್ಲಿ ಚೀಟಿ: ಒಂದು ಫೋನ್ ನಂಬರು, ಅದರ ಕೆಳಗೆ "ಮಾರುವುದಾದರೆ ತಿಳಿಸಿ".

ಇಪ್ಪತ್ತು ವರ್ಷದ ಹಿಂದೆ ಇದೇ ಗಾಡಿಯ ಗತಿ ಏನಿತ್ತು? ಹಿತ್ತಲ ನುಗ್ಗೆ ಮರದ ಕೆಳಗೆ ನಿಂತು ಕೋಳಿಗೆ ಗೂಡಾಗಿತ್ತು. ಟೈರು ಮಣ್ಣು ಹಿಡಿದಿತ್ತು. "ಮೊದಲು ಆ ಶನೀನ ಆಚೆ ಹಾಕಿ" ಎಂದು ಮನೆಯಾಕೆ ದಿನಾ ಗೊಣಗುತ್ತಿದ್ದಳು. ಕಡೆಗೆ ಒಂದು ದಿನ ಗುಜರಿಯವನು ತಳ್ಳುಗಾಡಿ ತಂದು ತೂಕದ ಲೆಕ್ಕದಲ್ಲಿ ಒಯ್ಯುತ್ತಿದ್ದ. ಕೊಟ್ಟ ಕಾಸು ಆ ವಾರದ ಸಂತೆಗೆ ಸರಿಹೋಗುತ್ತಿತ್ತು, ಅಷ್ಟೇ. ಓಡುತ್ತಿದ್ದ ಗಾಡಿಯೇ ಕೆಲವು ಸಾವಿರಕ್ಕೆ ಕೈ ಬದಲಾಗುತ್ತಿದ್ದ ಕಾಲ ಅದು.

ಈಗ ಹೋಗಿ ಕೇಳಿ ನೋಡಿ! ಕಾಗದಪತ್ರ ಸರಿ ಇದ್ದು, ಎರಡು ಕಿಕ್ಕಿಗೆ ಸ್ಟಾರ್ಟ್ ಆಗಿ, ಟ್ಯಾಂಕಿನ ಕ್ರೋಮು ಮುಖ ಕಾಣುವಂತಿದ್ದರೆ ಮಾತು ಲಕ್ಷದಿಂದಲೇ ಶುರು. 1960ರ ದಶಕದ ಜಾವಾ ಆದರೆ ಅದಕ್ಕೂ ಮೇಲೆ. 2018ರಲ್ಲಿ ಜಾವಾ ಹೆಸರಿನ ಹೊಸ ಮೋಟಾರ್ ಸೈಕಲ್ ಮತ್ತೆ ಮಾರುಕಟ್ಟೆಗೆ ಬಂದಾಗ ಅದರ ದೆಹಲಿ ಷೋರೂಂ ಬೆಲೆ 1.64 ಲಕ್ಷ ರೂಪಾಯಿ. ಅಂದರೆ ಹೊಸ ಗಾಡಿ ಕೊಳ್ಳುವ ದುಡ್ಡಿಗೆ ಅಜ್ಜನ ಗಾಡಿಯನ್ನು ಕೊಳ್ಳುವವರೂ ಊರಿನಲ್ಲಿದ್ದಾರೆ ಎಂದಾಯಿತು.

ಯಾದವಗಿರಿಯ ಕೂಸು

ಹಳಬರಿಗೆ ಇದನ್ನು ಹೇಳಬೇಕಾದ್ದಿಲ್ಲ. ಬಸ್ಸಿನಲ್ಲಿ ಯಾದವಗಿರಿ ಕಡೆ ದಿನಾ ಓಡಾಡುವ ಎಳೆಯರಿಗಾಗಿ ನಾಲ್ಕು ಮಾತು. ಜಾವಾ ಮೂಲತಃ ಜೆಕೊಸ್ಲೊವಾಕಿಯಾದ್ದು. ಯಾನೆಚೆಕ್ ಎಂಬ ಮಾಲೀಕ 1929ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರ್ ಸೈಕಲ್ ವ್ಯವಹಾರ ಕೊಂಡ. ತನ್ನ ಹೆಸರಿನ 'ಜಾ', ಅದರ ಹೆಸರಿನ 'ವಾ' ಸೇರಿಸಿ ಜಾವಾ ಎಂದಿಟ್ಟ. ಆ ಗಾಡಿಯನ್ನು ಲೈಸೆನ್ಸ್ ಪಡೆದು ನಮ್ಮಲ್ಲೇ ತಯಾರಿಸಲು ಇರಾನಿ ಮನೆತನದವರು ಕಟ್ಟಿದ್ದೇ ಐಡಿಯಲ್ ಜಾವಾ. 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್. 1973ರ ಹೊತ್ತಿಗೆ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂತು. ಕಾಲೇಜು ಹುಡುಗರ ತಲೆ ಕೆಡಿಸಿದ್ದು ಅದೇ.

ಗಾಡಿಯ ಗುಟ್ಟೇ ಬೇರೆ. ಇಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು! ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದವರು ಕಿಕ್ಕರ್ ಎಲ್ಲಿ ಎಂದು ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಬೇಕು. ಕಳ್ಳರಿಗೂ ಇದೇ ತೊಡಕಾಗುತ್ತಿತ್ತು ಎಂದು ಹಳಬರು ನಗುತ್ತಾರೆ. ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಹೊಗೆ ಬರುತ್ತದೆ, ನಿಜ. ಆದರೆ ಹಾಲಿನ ಕ್ಯಾನು ಎರಡೂ ಕಡೆ ನೇತುಹಾಕಿಕೊಂಡು ಬೆಳಗಿನ ಜಾವ ಹಳ್ಳಿಯಿಂದ ಪೇಟೆಗೆ ಬರುವ ಹಾಲಿನವರಿಗೆ, ಹೆಂಡತಿ ಹಿಂದೆ, ಮಗು ಟ್ಯಾಂಕಿನ ಮೇಲೆ ಎಂದು ನಂಜನಗೂಡು ಜಾತ್ರೆಗೆ ಹೊರಡುವ ಗುಮಾಸ್ತರಿಗೆ ಅದು ಎತ್ತಿನ ಗಾಡಿಯಷ್ಟೇ ನಂಬಿಕೆಯ ಸಾಮಾನು.

80ರ ದಶಕದ ನಡುವಿನಿಂದ ಜಪಾನಿನವರ ಕೈಜೋಡಿಸಿದ 100 ಸಿ.ಸಿ. ಗಾಡಿಗಳು ಬಂದವು. ಹೀರೋ ಹೋಂಡಾ ಲೀಟರಿಗೆ ಓಡುವ ದೂರ ಕೇಳಿ ಜನ ಬೆರಗಾದರು. 250 ಸಿ.ಸಿ. ಯೆಜ್ಡಿ ಆ ಲೆಕ್ಕದ ಮುಂದೆ ನಿಲ್ಲಲಿಲ್ಲ. ಹೊಗೆಯ ಕಾನೂನೂ ಬಿಗಿಯಾಯಿತು. 1996ರಲ್ಲಿ ಕಾರ್ಖಾನೆಯ ಗೇಟು ಮುಚ್ಚಿತು. ಅಂದು ಅಲ್ಲಿ ಸ್ಪ್ಯಾನರ್ ಹಿಡಿದಿದ್ದ ಹುಡುಗರು ಇಂದು ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡುವ ತಾತಂದಿರು.

ದರ ಏರಿದ್ದು ಹೇಗೆ?

ಮಾಲು ಕಮ್ಮಿ, ಗಿರಾಕಿ ಜಾಸ್ತಿ. ಅಂಗಡಿ ಇಟ್ಟವರಿಗೆ ಬೇರೆ ವಿವರಣೆ ಬೇಕಿಲ್ಲ. ಎಷ್ಟು ಗಾಡಿ ಗುಜರಿಗೆ ಹೋಯಿತೋ ಅಷ್ಟೂ ಮತ್ತೆ ಹುಟ್ಟುವುದಿಲ್ಲ. ಅತ್ತ, ಅಪ್ಪನ ಟ್ಯಾಂಕಿನ ಮೇಲೆ ಕೂತು ಬೆಳೆದ ಮಕ್ಕಳು ಬೆಂಗಳೂರಿನಲ್ಲಿ, ಹೊರದೇಶದಲ್ಲಿ ದುಡಿದು ಕೈತುಂಬ ಸಂಬಳ ಎಣಿಸುತ್ತಿದ್ದಾರೆ. ಅಪ್ಪ ಮಾರಿದ ಗಾಡಿಯೇ ಬೇಕು ಎಂಬ ಹಟ ಅವರದು. ಸಿಗದಿದ್ದರೆ ಅದೇ ಬಣ್ಣದ್ದಾದರೂ ಸರಿ. ಹೊಸ ಜಾವಾ ಬಂದ ಮೇಲೆ ಹಳೆಯದರ ಹೆಸರು ಮತ್ತೆ ಬಾಯಿಗೆ ಬಂತು. ಮೊಬೈಲಿನ ವೀಡಿಯೊ ನೋಡಿ ಕೇರಳದವನು, ಪುಣೆಯವನು, ಹೈದರಾಬಾದಿನವನು ಮೈಸೂರಿನ ಹಿತ್ತಲಿಗೆ ಫೋನು ಮಾಡುತ್ತಾನೆ. ಊರಿನ ಮಾಲಿಗೆ ದೇಶದ ಗಿರಾಕಿ ಬಂದರೆ ರೇಟು ಏರದೆ ಇರುತ್ತದೆಯೇ?

ಇದು ಬರೀ ಜಾವಾದ ಕತೆಯೂ ಅಲ್ಲ. ಉತ್ತರಪಾರಾದಲ್ಲಿ 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತ ಮೇಲೆ, ಸರ್ಕಾರಿ ಆಫೀಸಿನ ಹರಾಜಿನಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಅಂಬಾಸಡರಿಗೂ ಬಿಂಕ ಬಂದಿದೆ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಅದಾದ ಮೇಲೆ ಪದ್ಮಿನಿ ಇದ್ದವರು ಹೊದಿಕೆ ತೆಗೆದು ಒರೆಸತೊಡಗಿದ್ದಾರೆ. ಹೊರದೇಶದ್ದಂತೂ ಕೇಳಲೇಬೇಡಿ. ಎರಡೇ ಎರಡು ತಯಾರಾಗಿದ್ದ 1955ರ ಮರ್ಸಿಡಿಸ್ ಕಾರುಗಳಲ್ಲಿ ಒಂದು 2022ರ ಮೇ ತಿಂಗಳಲ್ಲಿ 13.5 ಕೋಟಿ ಯೂರೋಗೆ ಹರಾಜಾಯಿತು. ನಮ್ಮ ದುಡ್ಡಿನಲ್ಲಿ ಸುಮಾರು 1,100 ಕೋಟಿ ರೂಪಾಯಿ! ಆ ಲೆಕ್ಕದ ಮುಂದೆ ನಮ್ಮ ಯೆಜ್ಡಿಯ ಲಕ್ಷ ಕಡಲೆಕಾಯಿ ಸಿಪ್ಪೆ. ಆದರೆ ತಿಂಗಳ ಸಂಬಳದವನಿಗೆ ಲಕ್ಷ ಲಕ್ಷವೇ.

ಖುಷಿಯೋ, ಸಂಕಟವೋ?

ರೇಟು ಏರಿದರೆ ಗಾಡಿ ಇದ್ದವರು ಕುಣಿಯಬೇಕಲ್ಲ? ಹಾಗೇನೂ ಕಾಣುವುದಿಲ್ಲ. ಗಾಡಿ ಪ್ರೇಮಿಗಳು ನಾಲ್ಕು ಜನ ಟೀ ಅಂಗಡಿಯಲ್ಲಿ ಸೇರಿದರೆ ಮಾತು ಇಬ್ಭಾಗ.

ಒಬ್ಬರದು, "ಒಳ್ಳೇದೇ ಆಯ್ತು ಬಿಡಿ, ಇಲ್ಲಾಂದಿದ್ರೆ ಎಲ್ಲಾ ಕರಗಿ ಕಂಬಿ ಆಗೋಗ್ತಿತ್ತು" ಎಂಬ ವಾದ. ಇದರಲ್ಲಿ ಹುರುಳಿದೆ. ಬೆಲೆ ಇಲ್ಲದ ವಸ್ತುವನ್ನು ಯಾರೂ ಮಳೆಯಿಂದ ಒಳಕ್ಕೆ ಎಳೆದಿಡುವುದಿಲ್ಲ. ಲಕ್ಷ ಬೆಲೆ ಬಂತು ನೋಡಿ, ಕೋಳಿ ಗೂಡು ಖಾಲಿಯಾಯಿತು. ಗೊಣಗುತ್ತಿದ್ದ ಮನೆಯಾಕೆಯೇ ಹಳೆ ಬೆಡ್‌ಶೀಟು ಹೊದಿಸುತ್ತಾಳೆ.

ಇನ್ನೊಬ್ಬರದು ಹೊಟ್ಟೆಯುರಿಯ ಮಾತು. ಗಾಡಿಗೆ ಕವಡೆ ಕಿಮ್ಮತ್ತು ಇಲ್ಲದಿದ್ದಾಗ ಅದನ್ನು ಉಳಿಸಿದವರು ಯಾರು? ಸಣ್ಣ ಸಂಬಳದವರು, ಮೆಕ್ಯಾನಿಕ್ಕುಗಳು, ಹಾಲಿನವರು. ಪಿಸ್ಟನ್ ಸವೆದರೆ ಬೋರ್ ಮಾಡಿಸಿ, ಕೇಬಲ್ ತುಂಡಾದರೆ ಸೈಕಲ್ ಷಾಪಿನ ತಂತಿ ಕಟ್ಟಿ ಓಡಿಸಿದವರು. ಈಗ ಒಂದು ಒರಿಜಿನಲ್ ಬಿಡಿಭಾಗ ಬೇಕೆಂದರೆ ಕೊಳ್ಳಲು ಬಂದ ಸಾಹುಕಾರನ ರೇಟನ್ನೇ ಇವರೂ ಕೊಡಬೇಕು. ದೆಹಲಿ ಕರೋಲ್‌ಬಾಗಿನಿಂದ ಬರುವ ಡೂಪ್ಲಿಕೇಟ್ ಸಾಮಾನು ಅಗ್ಗವೇನೋ ಹೌದು, ಆದರೆ ಬಾಳಿಕೆಗೆ ಜಾಮೀನು ಯಾರು? ಯೆಜ್ಡಿಯನ್ನು ಬಸ್ ಪಾಸಿಗೆ ಬದಲಾಗಿ ಬಳಸುತ್ತಿದ್ದವನು ಅದನ್ನು ಮಾರಿ ಬಸ್ ಪಾಸಿಗೇ ಮರಳುತ್ತಾನೆ. ಕೊಂಡವನು ಅದನ್ನು ಹಾಲಿನಲ್ಲಿ, ಟಿ.ವಿ. ಪಕ್ಕ, ಕುಂಡದ ಗಿಡದಂತೆ ನಿಲ್ಲಿಸುತ್ತಾನೆ.

ಟೂ-ಸ್ಟ್ರೋಕ್ ಇಂಜಿನ್ ನಿಂತಲ್ಲೇ ನಿಂತರೆ ಹಾಳು. ಸೀಲುಗಳು ಒಣಗುತ್ತವೆ, ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ಟ್ಯಾಂಕಿನೊಳಗೆ ತುಕ್ಕು. ಈಗಿನ ಶೇ. 20 ಎಥನಾಲ್ ಬೆರೆತ ಪೆಟ್ರೋಲು ನೀರಿನ ಪಸೆ ಎಳೆಯುವ ಜಾತಿಯದು, ಹಳೆ ಕಾಲದ ರಬ್ಬರಿಗೂ ಒಗ್ಗುವುದು ಕಷ್ಟ. ಆದರೂ ದುಬಾರಿ ಗಾಡಿ ಎಂದು ಅದನ್ನು ಹೊರಗೆ ತೆಗೆಯಲು ಹೆದರುವವರೇ ಹೆಚ್ಚು. ಯಾರಾದರೂ ಗುದ್ದಿದರೆ? ಸಿನಿಮಾ ನೋಡಿ ಬರುವಷ್ಟರಲ್ಲಿ ಯಾರಾದರೂ ಹೆಡ್‌ಲೈಟಿನ ರಿಂಗು ಬಿಚ್ಚಿದರೆ? ಬಹುಪಾಲು ಹಳೆ ಗಾಡಿಗೆ ಇರುವುದು ಬರೀ ಥರ್ಡ್ ಪಾರ್ಟಿ ವಿಮೆ. ಕಳೆದುಹೋದರೆ ಲಕ್ಷವಲ್ಲ, ಒಂದು ಪೈಸೆಯೂ ಬರುವುದಿಲ್ಲ.

ಮನೆಯೊಳಗಿನ ಜಟಾಪಟಿಯೂ ಇದೆ. ತಂದೆಗೆ ಮಾರುವ ಮನಸ್ಸಿಲ್ಲ. ಮಗನಿಗೆ ಬೈಕಿನ ಹುಚ್ಚಿಲ್ಲ, ಮಗಳ ಮದುವೆ ಹತ್ತಿರ ಬಂದಿದೆ. "ಅಪ್ಪಾಜಿ, ನಿಂತಿರೋ ಗಾಡಿಗೆ ಇಷ್ಟು ಬರ್ತದೆ, ಕೊಟ್ಬಿಡಿ" ಎಂದು ಮಗ. ಅಪ್ಪಾಜಿ ಉತ್ತರ ಹೇಳದೆ ಹಿತ್ತಲಿಗೆ ಹೋಗಿ ಕಿಕ್ ಹೊಡೆಯುತ್ತಾರೆ. ಬೆಲೆ ಇಲ್ಲದಾಗ ಈ ಜಗಳವೇ ಇರಲಿಲ್ಲ ನೋಡಿ. ಇನ್ನು 2004-05ರಲ್ಲಿ ಮೂರ್ನಾಲ್ಕು ಸಾವಿರಕ್ಕೆ ಕೊಟ್ಟು ಕೈ ತೊಳೆದುಕೊಂಡವರ ಮಾತು ಬೇಡ. ಅವರ ಎದುರು ಜಾವಾ ಹೆಸರು ಎತ್ತದಿರುವುದೇ ಮರ್ಯಾದೆ.

ಆರ್.ಟಿ.ಓ. ಬಾಗಿಲಲ್ಲಿ

ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಮೋಟಾರ್ ಸೈಕಲ್ಲಿಗೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ಲಿನಿಂದ 1,000 ಆಯಿತು. 2025ರ ಆಗಸ್ಟಿನ ಆದೇಶದಲ್ಲಿ ಇಪ್ಪತ್ತು ವರ್ಷ ಮೀರಿದ್ದಕ್ಕೆ 2,000. ಕಾರಿಗೆ 10,000. ಸಾಹುಕಾರನಿಗೆ ಇದು ಒಂದು ಊಟದ ಬಿಲ್ಲು. ಹಾಲಿನವನಿಗೆ ಯೋಚನೆಯ ಬಾಬತ್ತು.

ಐವತ್ತು ದಾಟಿದ ಗಾಡಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ಎಂಬ ಬೇರೆ ಪಂಕ್ತಿಯನ್ನೇ ಹಾಕಿದೆ. ಮೂಲ ರೂಪ ಕೆಡದಿರಬೇಕು. ಹೊಸದಾಗಿ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಬಾಳಿಕೆ, ಆಮೇಲಿನ ನವೀಕರಣಕ್ಕೆ 5,000. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಬರುತ್ತದೆ. ಗತ್ತಿನ ನಂಬರೇ ಸರಿ. ಆದರೆ ಆ ನಂಬರು ಹಾಕಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಬಿಟ್ಟರೆ ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ! 1976ರ ಯೆಜ್ಡಿಗಳಿಗೆ 2026ರಲ್ಲಿ ಐವತ್ತು ತುಂಬುವ ಲೆಕ್ಕ. ಅರಮನೆ ಮುಂದೆ ಮೆರವಣಿಗೆ ಹೋಗುವವರಿಗೆ ಆ ಪಂಕ್ತಿ ಸರಿ. ಕಾಯಿ ಮೂಟೆ ಹೇರುವವರು ಹಳೆ ನೋಂದಣಿಯಲ್ಲೇ ಇರುವುದು ವಾಸಿ.

ಕೊಳ್ಳಲು ಹೊರಟವರಿಗೂ ಒಂದು ಮಾತು. ಲಕ್ಷದ ವಾಸನೆ ಬಂದ ಕಡೆ ನೊಣ ಬರುವುದು ಸಹಜ. ಮೂರು ಗಾಡಿಯ ಸಾಮಾನು ಸೇರಿಸಿ ಒಂದು ಮಾಡಿ, ಮೇಲೆ ಬಣ್ಣ ಬಳಿದು "ಫುಲ್ ಒರಿಜಿನಲ್ ಸಾರ್" ಎನ್ನುವವರಿದ್ದಾರೆ. ಯೆಜ್ಡಿಗೆ ಜಾವಾದ ಟ್ಯಾಂಕು ಕೂರಿಸಿ ಹತ್ತು ವರ್ಷ ಹಿರಿಯದು ಎಂದು ಮಾರುವವರೂ ಇದ್ದಾರೆ. ಬಣ್ಣ ನೋಡಬೇಡಿ. ಚಾಸಿಸ್ ನಂಬರು, ಇಂಜಿನ್ ನಂಬರು ಎರಡನ್ನೂ ಆರ್.ಸಿ. ಪುಸ್ತಕದ ಪಕ್ಕ ಇಟ್ಟು ಓದಿ. ಆರ್.ಸಿ. ಕಳೆದುಹೋಗಿದೆ, ಆಮೇಲೆ ಮಾಡಿಸಿಕೊಡ್ತೀನಿ ಎಂದರೆ ಅಡ್ವಾನ್ಸು ಕೊಡದೆ ಮನೆಗೆ ಬನ್ನಿ. 'ಎಂವೈ' ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರಿದ್ದರೆ ಮಾರುವವನು ಅದಕ್ಕೇ ಬೇರೆ ದರ ಹೇಳುತ್ತಾನೆ. ಕೊಡುವುದು ಬಿಡುವುದು ನಿಮ್ಮ ಹುಚ್ಚಿನ ಅಳತೆ.

ಕೈ ಎಲ್ಲಿ ಸಿಗುತ್ತದೆ?

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಎಂದು ಊರೂರಿನಲ್ಲಿ ಗಾಡಿಯವರು ಸೇರುತ್ತಾರೆ. ಅಂದು ಎರಡು ಸೈಲೆನ್ಸರಿನ ಆ ಡುಗುಡುಗು ಸದ್ದು ಬೀದಿ ತುಂಬುತ್ತದೆ. ಕಿಟಕಿಯಿಂದ ತಲೆ ಹಾಕಿ ನೋಡುವವರಲ್ಲಿ ಬೈಯುವವರು ಕಮ್ಮಿ, ನಗುವವರೇ ಜಾಸ್ತಿ. ಟೆಂಪೋದಲ್ಲಿ ಬಂದು ಇಳಿದು, ಫೋಟೋ ಹೊಡೆಸಿಕೊಂಡು, ಮತ್ತೆ ಟೆಂಪೋ ಹತ್ತುವ ಗಾಡಿಗಳೂ ಈಗ ಉಂಟು.

ಅಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಬೆಲೆಯದಲ್ಲ, ಮೆಕ್ಯಾನಿಕ್ಕಿನದು. ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪು ಕಣ್ಣಳತೆಯಲ್ಲೇ ಕೂರಿಸಿ, ಸದ್ದು ಕೇಳಿಯೇ ಟೈಮಿಂಗ್ ಸರಿಮಾಡುವ ಹಳೆ ಕೈಗಳು ಒಂದೊಂದಾಗಿ ಅಂಗಡಿ ಮುಚ್ಚುತ್ತಿವೆ. ಕಣ್ಣು ಮಂಜು, ಮಂಡಿ ನೋವು. ಗಾಡಿಯ ಬೆಲೆ ಇಪ್ಪತ್ತು ಪಟ್ಟು ಏರಿದರೂ ಅದನ್ನು ಟ್ಯೂನ್ ಮಾಡುವವನ ಕೂಲಿ ಆ ಪ್ರಮಾಣದಲ್ಲಿ ಏರಿಲ್ಲ. ಲಕ್ಷ ಕೊಟ್ಟು ಕೊಂಡವರೇ ಐನೂರರ ಕೂಲಿಗೆ ಚೌಕಾಶಿ ಮಾಡುತ್ತಾರಂತೆ. ಕಲಿಯಲು ಹುಡುಗರು ಬರುತ್ತಿಲ್ಲ. ಬಂದವರೂ ಆರು ತಿಂಗಳಲ್ಲಿ ಸ್ಕೂಟರ್ ಷೋರೂಮಿನ ಸರ್ವೀಸ್ ಕೆಲಸ ಹಿಡಿದು ಹೋಗುತ್ತಾರೆ. ಅಲ್ಲಿ ತಿಂಗಳ ಸಂಬಳ, ಪಿ.ಎಫ್., ಭಾನುವಾರ ರಜ.