ಕುಂಡದ ಗಿಡಕ್ಕೆ ಕೀಟ ಬಂದಾಗ: ಬೇವಿನೆಣ್ಣೆಗೂ ಮೊದಲು

ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಅಂಗಳ ಎಷ್ಟೇ ಚಿಕ್ಕದಿರಲಿ, ತುಳಸಿ, ದಾಸವಾಳ, ಮಲ್ಲಿಗೆ, ಕರಿಬೇವಿನ ಕುಂಡಗಳಿಗೆ ಜಾಗ ಇದ್ದೇ ಇರುತ್ತದೆ. ದಾಸವಾಳದ ಕುಡಿಗೆ ಬಿಳಿ ಹಿಟ್ಟು ಮೆತ್ತಿದಂತೆ ಕಂಡರೆ ಸಿಗುವ ಸಲಹೆ ಒಂದೇ: ಬೇವಿನೆಣ್ಣೆ, ಸೋಪಿನ ನೀರು ಸಿಂಪಡಿಸಿ, ಅದು ನೈಸರ್ಗಿಕ. ನೈಸರ್ಗಿಕವೇನೋ ನಿಜ. ಅಹಿಂಸಕವೇ?

ಸೋಪಿನ ನೀರು ಮೃದು ಮೈಯ ಕೀಟದ ಹೊರಪದರವನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಎಲೆ ರುಚಿಸದಂತೆ ಮಾಡುವುದರ ಜೊತೆಗೆ ಮರಿಗಳು ಪೊರೆ ಕಳಚಿ ಬೆಳೆಯದಂತೆಯೂ ತಡೆಯುತ್ತದೆ. ತಂಬಾಕಿನ ಕಷಾಯ ಮನುಷ್ಯರಿಗೂ ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಗೃಹಸ್ಥರ ಅಹಿಂಸಾಣುವ್ರತ ತ್ರಸಜೀವಿಗಳ ಸಂಕಲ್ಪಪೂರ್ವಕ ಹಿಂಸೆಯನ್ನು ಬಿಡಲು ಹೇಳುತ್ತದೆ. ಆದ್ದರಿಂದ ಶ್ರಾವಕರ ಮನೆಯಲ್ಲಿ ಬಾಟಲಿ ಕೊನೆಯ ಉಪಾಯ. ಕೀಟ ನೆಲೆಯೂರದಂತೆ ನೋಡಿಕೊಳ್ಳುವುದು ಮೊದಲನೆಯದು.

ನಮ್ಮ ಭಾಗದಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಈ ಊರುಗಳ ಸುತ್ತ ಹತ್ತಿಯ ಹೊಲಗಳು. ದಾಸವಾಳವೂ ಹತ್ತಿಯೂ ಒಂದೇ ಕುಟುಂಬದ ಗಿಡಗಳು. ಹತ್ತಿಯನ್ನು ಕಾಡುವ ಹಿಟ್ಟು ತಿಗಣೆ, ಬಿಳಿನೊಣ, ಸಸ್ಯಹೇನುಗಳು ದಾಸವಾಳಕ್ಕೂ ಬರುತ್ತವೆ. ಹತ್ತಿ ಬಿಡಿಸಿ ಮುಗಿದು ಹೊಲದ ಗಿಡ ಒಣಗತೊಡಗಿದಾಗ ಅವು ಬೇರೆ ಹಸಿರು ಹುಡುಕುತ್ತವೆ. ಉರುವಲಿಗೆಂದು ತಂದ ಹತ್ತಿ ಕಟ್ಟಿಗೆಯನ್ನು ಕುಂಡಗಳ ಪಕ್ಕದಲ್ಲೇ ಒಟ್ಟಿದರೆ ನಾವೇ ಕರೆದಂತಾಯಿತು. ಅದನ್ನು ದೂರವಿಡಿ. ನರ್ಸರಿಯಿಂದ ತಂದ ಹೊಸ ಗಿಡವನ್ನೂ ಎರಡು ವಾರ ಬೇರೆಯೇ ಇಟ್ಟು ಎಲೆಯ ಅಡಿಭಾಗ ನೋಡುತ್ತಿರಿ.

ಇರುವೆಗಳ ಸಾಲು ಕಂಡರೆ ಅದು ಸೂಚನೆ. ಹಿಟ್ಟು ತಿಗಣೆ, ಸಸ್ಯಹೇನು ಹೊರಹಾಕುವ ಸಿಹಿ ಅಂಟನ್ನು ಇರುವೆ ತಿನ್ನುತ್ತದೆ, ಬದಲಿಗೆ ಶತ್ರುಗಳಿಂದ ಅವನ್ನು ಕಾಯುತ್ತದೆ. ಕುಂಡವನ್ನು ಗೋಡೆಯಿಂದ ಸರಿಸಿ, ಗೋಡೆಗೆ ತಾಗುವ ರೆಂಬೆ ಕತ್ತರಿಸಿದರೆ ಆ ದಾರಿ ತಪ್ಪುತ್ತದೆ. ಕುಂಡದ ಕೆಳಗೆ ನೀರಿನ ತಟ್ಟೆ ಇಡುವವರಿದ್ದಾರೆ. ಅದರಲ್ಲಿ ಇರುವೆ ಮುಳುಗುತ್ತದೆ, ಸೊಳ್ಳೆ ಹುಟ್ಟುತ್ತದೆ. ಇರುವೆ ಕಡಿಮೆಯಾದರೆ ಗುಲಗಂಜಿ ಹುಳು ತಾನಾಗಿಯೇ ಬಂದು ಸಸ್ಯಹೇನು ತಿನ್ನುತ್ತದೆ. ಅದು ಅದರ ಆಹಾರ, ನಾವು ತಂದು ಬಿಟ್ಟದ್ದಲ್ಲ.

ಗೊಬ್ಬರ ಅತಿಯಾದರೂ ತೊಂದರೆಯೇ. ಸಾರಜನಕ ಹೆಚ್ಚಾದಾಗ ಬರುವ ಎಳೆ ಚಿಗುರು ಸಸ್ಯಹೇನಿಗೆ ಬಲು ಇಷ್ಟ. ಮೇಲ್ಮಣ್ಣು ಸದಾ ಒದ್ದೆಯಾಗಿದ್ದರೆ ಸಣ್ಣ ಕಪ್ಪು ನೊಣಗಳು ಹುಟ್ಟುತ್ತವೆ. ಬೆರಳಿನಿಂದ ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಬೇಸಿಗೆಯಲ್ಲಿ ಬೇರೆ ಮಾತು: ಇಲ್ಲಿನ ಒಣ ಬಿಸಿಗೆ ಎಲೆಯಡಿ ಕೆಂಪು ನುಸಿ ಬಲೆ ಹೆಣೆಯುತ್ತದೆ. ಆಗ ಮಧ್ಯಾಹ್ನದ ನೆರಳು ಬೇಕು, ಬೆಳಿಗ್ಗೆ ಎಲೆಗಳಿಗೆ ನೀರು ಚಿಮುಕಿಸಬೇಕು.

ಇಷ್ಟಾದರೂ ಕೀಟ ಬಂದರೆ ಕುಡಿಯನ್ನು ಕತ್ತರಿಸಿ ದೂರದ ಕಳೆಗಿಡದ ಬುಡದಲ್ಲಿ ಬಿಡಿ. ರೈತರ ಹೊಲದ ಬದುವಿನಲ್ಲಿ ಬೇಡ. ಉಳಿದದ್ದನ್ನು ಮೃದು ಬ್ರಷ್‌ನಿಂದ ಕಾಗದದ ಮೇಲೆ ಇಳಿಸಿ ಅಲ್ಲಿಗೇ ಒಯ್ಯಿರಿ. ಎಲ್ಲವೂ ಬದುಕುತ್ತವೆ ಎನ್ನಲಾಗದು, ಆದರೆ ಕೊಲ್ಲುವ ಸಂಕಲ್ಪ ಇಲ್ಲಿಲ್ಲ. ಮೂರು ದಿನಕ್ಕೊಮ್ಮೆ ನೋಡುತ್ತಿದ್ದರೆ ಹತ್ತಿಪ್ಪತ್ತು ಕೀಟ ಇದ್ದಾಗಲೇ ಕೆಲಸ ಮುಗಿಯುತ್ತದೆ. ಸಾವಿರವಾದ ಮೇಲೆ ಯಾವ ದಾರಿಯೂ ಸುಲಭವಲ್ಲ. ಚಾತುರ್ಮಾಸದಲ್ಲಿ ಕೀಟಗಳು ಹೆಚ್ಚುವುದರಿಂದ ಆಷಾಢಕ್ಕೆ ಮುಂಚೆಯೇ ಗಿಡಗಳನ್ನು ಸವರಿ ಗಾಳಿಯಾಡುವಂತೆ ಬಿಡಿಸಿಡಿ.

ಗಿಡವೇ ಹೋಗುತ್ತದೆ ಎಂಬ ಸ್ಥಿತಿಯಲ್ಲಿ ಬೇವಿನೆಣ್ಣೆ ಬಳಸುವವರು ಲೀಟರ್ ನೀರಿಗೆ 5 ಮಿ.ಲೀ. ಮೀರಬಾರದು. ಸಂಜೆ, ಬಿಸಿಲಿಳಿದ ಮೇಲೆ, ಕೀಟವಿರುವ ರೆಂಬೆಗೆ ಮಾತ್ರ. ಹೂವಿಗೆ ತಾಗಿಸಬೇಡಿ, ಅಲ್ಲಿಗೆ ಜೇನುಹುಳು ಬರುತ್ತದೆ.