ಘಾಟಿ ಇಳಿಯುವ ಮುನ್ನ ಮುಂದಿನ ಫೋರ್ಕ್

ಧರ್ಮಪುರಿ, ಸೇಲಂ ಜಿಲ್ಲೆಗಳಲ್ಲಿಯೂ ನಮ್ಮಂತೆ ಗಡಿಯಾಚೆ ಉಳಿದ ಕನ್ನಡ ಮನೆಗಳಿವೆ. ಧರ್ಮಪುರಿಯಿಂದ ಕಡಯಂಪಟ್ಟಿಯತ್ತ ಹೆದ್ದಾರಿಯಲ್ಲಿ ಬರುವವರು ತೊಪ್ಪೂರು ಘಾಟಿ ಇಳಿಯಬೇಕು. ಅಪಘಾತಗಳಿಗೆ ಕುಪ್ರಸಿದ್ಧವಾದ ಇಳಿಜಾರು. ಹಿಂದೆ ಮಡದಿಯನ್ನು ಕುಳ್ಳಿರಿಸಿಕೊಂಡು ಬೈಕಿನಲ್ಲಿ ಇಳಿಯುವ ನಮ್ಮವರು ಬ್ರೇಕನ್ನು ನೋಡಿಸುತ್ತಾರೆ, ಮುಂದಿನ ಫೋರ್ಕನ್ನು ಮರೆಯುತ್ತಾರೆ.

ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ಬೀಳುತ್ತದೆ. ಸೋತ ಸ್ಪ್ರಿಂಗ್ ತಳ ಮುಟ್ಟಿದರೆ ಹೊಂಡದ ಪೆಟ್ಟು ನೇರ ಹ್ಯಾಂಡಲಿಗೆ. ಭಾರ ಹೊರುವುದು ಸ್ಪ್ರಿಂಗ್, ಅದರ ಕುಣಿತವನ್ನು ಹಿಡಿಯುವುದು ಎಣ್ಣೆ. ಎಣ್ಣೆ ಕೆಟ್ಟಿದ್ದರೆ ಗಟ್ಟಿ ಸ್ಪ್ರಿಂಗ್ ಹಾಕಿಯೂ ಫಲವಿಲ್ಲ. ಸ್ಪ್ರಿಂಗನ್ನು ಎರಡು ಕಾಲಿಗೂ ಒಟ್ಟಿಗೇ ಹಾಕಿಸಬೇಕು, ಎಣ್ಣೆಯೂ ಎರಡರಲ್ಲಿ ಸಮಮಟ್ಟ ಇರಬೇಕು. ಒಬ್ಬರೇ ಓಡಾಡುವವರಿಗೆ ಅತಿಗಟ್ಟಿ ಸ್ಪ್ರಿಂಗ್ ಬೇಡವೆಂದೇ ನಮ್ಮ ಅಭಿಪ್ರಾಯ; ಕೈ ನೋವಾದೀತು.

1996ರಲ್ಲಿ ಮುಚ್ಚಿದ ಮೈಸೂರು ಕಾರ್ಖಾನೆಯ ಹಳೆಯ ಯೆಜ್ದಿಯನ್ನು ಇಂದಿಗೂ ಓಡಿಸುವವರು ಎಣ್ಣೆ ಸೋರುವ ಸೀಲುಗಳನ್ನೂ ಆಗಲೇ ಬದಲಿಸಲಿ. ಮುಚ್ಚಳ ಬಿಚ್ಚುವಾಗ ಮುಖ ದೂರವಿರಲಿ. ಒತ್ತಿದ ಸ್ಪ್ರಿಂಗ್ ಚಿಮ್ಮೀತು.